ಸಬ್ರ್ ಧಣಿಗಳಿಗೂ ಅನ್ವಯಿಸುತ್ತದೆ

ಕೆಲಸದ ಜಾಗದಲ್ಲಿ ಯಾರೋ ಕಾಟ ಕೊಡುತ್ತಾರೆ ಎಂದು ಹೇಳಿದರೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಉತ್ತರ, ‘ಸ್ವಲ್ಪ ಸಬ್ರ್ ಮಾಡು’. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ, ಗಲ್ಫಿಗೆ ಹೋದ ಅಳಿಯನಿಗೆ, ಗಂಡನ ಮನೆಯಲ್ಲಿರುವ ಮಗಳಿಗೆ ಇದೇ ಮಾತು. ಬೈಯುವ ಧಣಿಗೆ, ಚುಚ್ಚಿ ಮಾತಾಡುವ ಸೂಪರ್‌ವೈಸರಿಗೆ ಮಾತ್ರ ಯಾರೂ ಇದನ್ನು ಹೇಳಿದ್ದು ಕೇಳಿಲ್ಲ.

ತಾಳ್ಮೆ ಬೇಡ ಎನ್ನುತ್ತಿಲ್ಲ. ದಕ್ಕೆಯಲ್ಲಿ ಬೆಳಗ್ಗೆ ಮೀನು ಏಲಂ ಆಗುವಾಗಿನ ಬೊಬ್ಬೆಯನ್ನು ಜಗಳ ಎಂದು ತಿಳಿದರೆ ಅಲ್ಲಿ ಒಂದು ದಿನವೂ ನಿಲ್ಲಲಿಕ್ಕಾಗದು. ಪೆರ್ನಾಲ್ ಹತ್ತಿರ ಬಂದಾಗ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತು ಪೀಸ್ ಬಿಚ್ಚಿಸಿ, ‘ಆಮೇಲೆ ಬರ್ತೇವೆ’ ಎಂದು ಹೋಗುವ ಗಿರಾಕಿ ಇದ್ದೇ ಇರುತ್ತಾರೆ. ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಸಿಟ್ಟು ಬಂದ ರಾತ್ರಿಯೇ ವಾಟ್ಸ್‌ಆ್ಯಪಿನಲ್ಲಿ ವಾಯ್ಸ್ ಹಾಕುವುದು ಮಾತ್ರ ಬೇಡ ಮಾರಾಯ್ರೆ, ಬೆಳಗ್ಗೆ ಅದು ಊರಿಡೀ ಸುತ್ತಿರುತ್ತದೆ.

ದಿನಾ ಒಬ್ಬನನ್ನೇ ಹಿಡಿದು ನಾಲ್ಕು ಜನರ ಎದುರು ಅವಮಾನ ಮಾಡುವವರ ವಿಷಯ ಬೇರೆ. ಅಲ್ಲಿ ಸುಮ್ಮನಿದ್ದರೆ ಕಾಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ‘ನೀವು ಯಾವಾಗಲೂ ಹೀಗೇ’ ಎಂದು ಶುರು ಮಾಡಿದರೆ ಮಾತು ಅಲ್ಲೇ ಮುರಿಯುತ್ತದೆ. ಒಬ್ಬರೇ ಇರುವಾಗ ಹೋಗಿ, ‘ನಿನ್ನೆ ಗಿರಾಕಿಯ ಎದುರು ಬೈದದ್ದು ಸರಿಯಾಗಲಿಲ್ಲ, ತಪ್ಪಿದ್ದರೆ ಒಳಗೆ ಕರೆದು ಹೇಳಿ’ ಎಂದರೆ ಕೇಳುವವರು ಕೇಳುತ್ತಾರೆ. ಕೇಳದಿದ್ದರೆ ಯಾವ ದಿನ, ಯಾರ ಎದುರು, ಏನು ನಡೆಯಿತು ಎಂದು ಬರೆದಿಟ್ಟುಕೊಳ್ಳಬೇಕು. ಮುಂದೆ ದೂರು ಕೊಡುವಾಗ ಬೇಕಾಗುವುದು ಅದೇ.

ಕ್ರಿ.ಶ. 628ರ ಹುದೈಬಿಯಾ ಒಪ್ಪಂದವನ್ನು ನಾವು ತಾಳ್ಮೆಗೆ ಉದಾಹರಣೆಯಾಗಿ ಹೇಳುತ್ತೇವೆ. ಸುಹೈಲ್ ಆಕ್ಷೇಪಿಸಿದಾಗ ಪ್ರವಾದಿ (ಸ) ‘ರಸೂಲುಲ್ಲಾಹ್’ ಎಂಬ ಪದವನ್ನು ಪತ್ರದಿಂದ ಅಳಿಸಲು ಒಪ್ಪಿದರು. ಆದರೆ ಮುಂದಿನ ವರ್ಷ ಮಕ್ಕಾಕ್ಕೆ ಬಂದು ಉಮ್ರಾ ಮಾಡುವ ಹಕ್ಕು ಅದೇ ಪತ್ರದಲ್ಲಿ ಲಿಖಿತವಾಗಿ ಬಂತು. ಕತೆಯ ಈ ಅರ್ಧವನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ಗಲ್ಫಿನಲ್ಲಿರುವ ನಮ್ಮ ಹುಡುಗರಿಗೂ ಇದು ಬೇಕು. ಪಾಸ್‌ಪೋರ್ಟ್ ಭಾರತ ಸರಕಾರದ ಸೊತ್ತು, ಕಫೀಲನದ್ದಲ್ಲ. ಯುಎಇಯಲ್ಲಿ ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಡುವ ವ್ಯವಸ್ಥೆ 2009ರಲ್ಲಿ ಬಂತು. ಹಾಗಾಗಿ ಕೊಡದಿದ್ದರೆ ಅದು ದಾಖಲೆಯಲ್ಲಿ ಕಾಣುತ್ತದೆ. ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ 2015ರಿಂದ ಇದೆ, ಊರಲ್ಲಿ ಕುಳಿತ ಮನೆಯವರೂ ಅದರಲ್ಲಿ ದೂರು ಹಾಕಬಹುದು.

ನನಗೆ ಹೆಚ್ಚು ಚಿಂತೆ ಹೆಣ್ಣುಮಕ್ಕಳದ್ದು. ಈಗ ಆಸ್ಪತ್ರೆ, ಕಾಲೇಜು, ಮಾಲ್, ಐಟಿ ಕಂಪೆನಿ, ಎಲ್ಲ ಕಡೆ ನಮ್ಮ ಹುಡುಗಿಯರಿದ್ದಾರೆ. ಮೇಲಿನವನು ಕೆಟ್ಟದಾಗಿ ನಡೆದುಕೊಂಡರೆ ಅವರು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಯಾಕೆ? ಹೇಳಿದರೆ ಬಾಪ, ಅಣ್ಣಂದಿರ ತೀರ್ಮಾನ ಗೊತ್ತೇ ಇದೆ, ‘ನಾಳೆಯಿಂದ ಹೋಗುವುದು ಬೇಡ’. ತಪ್ಪು ಮಾಡಿದವನು ಕುರ್ಚಿಯಲ್ಲೇ ಇರುತ್ತಾನೆ, ಕೆಲಸ ಹೋಗುವುದು ಇವಳದ್ದು. ಅವಳ ಹಿಂದೆ ಓದಬೇಕೆಂದಿದ್ದ ತಂಗಿಯ ದಾರಿಯೂ ಮುಚ್ಚುತ್ತದೆ. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾನೂನಿದೆ. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಸಣ್ಣ ಅಂಗಡಿಗಳವರಿಗೆ ಜಿಲ್ಲಾ ಮಟ್ಟದ ಸಮಿತಿ ಇದೆ. ದೂರಿಗೆ ಸಾಮಾನ್ಯವಾಗಿ 3 ತಿಂಗಳ ಗಡುವು. ಮನೆಯವರು ಸಿಟ್ಟಿನಲ್ಲಿ ಕಳೆಯುವ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಮಗಳು ಹೇಳಿದಾಗ ಉಮ್ಮ ಕೇಳಬೇಕಾದದ್ದು, ‘ನಿನಗೆ ಏನು ಮಾಡಬೇಕೆಂದಿದೆ?’ ಎಂದು.

ನಮ್ಮಲ್ಲಿ ಅಂಗಡಿ, ಹೋಟೆಲ್ ನಡೆಸುವವರೇನೂ ಕಡಿಮೆಯಿಲ್ಲ. ಮೊದಲ ಸಫ್ಫಿನಲ್ಲಿ ನಿಲ್ಲುವವರೇ ಕೆಲಸದ ಹುಡುಗನನ್ನು ಅಪ್ಪ ಅಮ್ಮನ ಹೆಸರೆತ್ತಿ ಬೈಯುವುದನ್ನು ಎಲ್ಲರೂ ನೋಡಿದ್ದೇವೆ. ಸಬ್ರಿನ ಬಗ್ಗೆ ಪ್ರವಚನ ಇಡುವ ಜಮಾಅತಿನವರು ಒಮ್ಮೆ ಇವರನ್ನು ಮಾತ್ರ ಕೂರಿಸಿ ಇಡಲಿ. ಜೊತೆಗೆ ದೂರು ಅರ್ಜಿ ಬರೆಯಲು ತಿಳಿದ ಇಬ್ಬರು ಯುವಕರನ್ನೂ, ಹೆಣ್ಣುಮಕ್ಕಳು ಮಾತಾಡಬಹುದಾದ ಒಬ್ಬ ಮಹಿಳೆಯನ್ನೂ ಗೊತ್ತು ಮಾಡಿದರೆ ಜಮಾಅತಿಗೆ ದೊಡ್ಡ ಖರ್ಚೇನೂ ಬೀಳದು.