ಲ್ಯಾಪ್ಸ್ ಆದ ಪಾಲಿಸಿಯನ್ನೂ ಬರೆಯೋಣ, ಆದರೆ ಕೇಳುವವರು ಕನ್ನಡದಲ್ಲಿ ಕೇಳಲಿ

ಜೀವವಿಮೆಯ ಪ್ರಪೋಸಲ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ನಿಮಗೆ ಬೇರೆ ಪಾಲಿಸಿ ಇದೆಯೇ? ಹಿಂದೆ ಇದ್ದದ್ದು ರದ್ದಾಗಿದೆಯೇ, ಲ್ಯಾಪ್ಸ್ ಆಗಿದೆಯೇ? ಯಾವುದಾದರೂ ಕಂಪನಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ, ಹೆಚ್ಚು ಪ್ರೀಮಿಯಂ ಕೇಳಿದೆಯೇ? ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಏಜೆಂಟರ ಪೆನ್ನು ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿ ಮುಂದೆ ಹೋಗುತ್ತದೆ. ರೈತನಿಗೆ ಕಾಣುವುದು ಪೆನ್ಸಿಲ್ ಗುರುತು ಮಾಡಿದ ಜಾಗ ಮಾತ್ರ. ಅಲ್ಲಿ ಸಹಿ ಹಾಕುತ್ತಾನೆ.

ಈ ಟಿಕ್‌ನ ಬೆಲೆ ಗೊತ್ತಾಗುವುದು ಸಹಿ ಹಾಕಿದವನು ಸತ್ತ ಮೇಲೆ. ಹೆಂಡತಿ ಕ್ಲೇಮ್ ಅರ್ಜಿ ಕೊಟ್ಟಾಗ ಕಂಪನಿ ತನಿಖೆ ಮಾಡುತ್ತದೆ. ಹಳೆಯ ಪಾಲಿಸಿಯೊಂದು ಸಿಗುತ್ತದೆ. ‘ಮಾಹಿತಿ ಮುಚ್ಚಿಟ್ಟಿದ್ದಾರೆ’ ಎಂಬ ಪತ್ರ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 2019ರಲ್ಲಿ ರಿಲಯನ್ಸ್ ಲೈಫ್ ಮತ್ತು ರೇಖಾಬೆನ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಆಕೆಯ ಗಂಡ ಕೆಲವೇ ತಿಂಗಳ ಹಿಂದೆ ಮತ್ತೊಂದು ಕಂಪನಿಯಲ್ಲಿ 11 ಲಕ್ಷದ ಪಾಲಿಸಿ ಮಾಡಿಸಿದ್ದರು. 10 ಲಕ್ಷದ ಹೊಸ ಪಾಲಿಸಿಯ ಫಾರ್ಮಿನಲ್ಲಿ ಅದನ್ನು ಹೇಳಿರಲಿಲ್ಲ. ಓದದೆ, ಅರ್ಥವಾಗದೆ ಸಹಿ ಹಾಕಿದೆ ಎಂದು ಹೇಳಿ ಸಾಮಾನ್ಯವಾಗಿ ತಪ್ಪಿಸಿಕೊಳ್ಳಲಾಗದು ಎಂಬ ಮಾತಿಗೆ ನ್ಯಾಯಾಲಯ ಆಧಾರವಾಗಿ ತೆಗೆದುಕೊಂಡದ್ದು ನಮ್ಮದೇ ಮೈಸೂರು ಹೈಕೋರ್ಟಿನ ಹಳೆಯ ತೀರ್ಪೊಂದನ್ನು.

2025ರಲ್ಲಿ ಮಹಾವೀರ್ ಶರ್ಮಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಕುಟುಂಬದ ಪರ ತೀರ್ಪು ಕೊಟ್ಟಿತು. ಅಲ್ಲಿ ತಂದೆ ತಮ್ಮ 40 ಲಕ್ಷದ ದೊಡ್ಡ ಪಾಲಿಸಿಯನ್ನು ತಿಳಿಸಿದ್ದರು, ಎಲ್‌ಐಸಿಯ ಕೆಲವು ಸಣ್ಣ ಪಾಲಿಸಿಗಳನ್ನು ಬಿಟ್ಟಿದ್ದರು. ದೊಡ್ಡದನ್ನು ಹೇಳಿದವರು ಸಣ್ಣದನ್ನು ಬಿಟ್ಟ ಮಾತ್ರಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದಿತು ನ್ಯಾಯಾಲಯ. ಹೇಳಿದವರಿಗೆ ರಕ್ಷಣೆ ಸಿಕ್ಕಿತು, ಹೇಳದವರ ವಿರುದ್ಧ ತೀರ್ಪು ಬಂತು. ಎರಡೂ ತೀರ್ಪುಗಳಿಂದ ನಮಗೆ ಸಿಗುವ ಪಾಠ ಇಷ್ಟು.

ಆದ್ದರಿಂದ ‘ಅದನ್ನೆಲ್ಲ ಬರೆದರೆ ಕೇಸು ತಡ ಆಗುತ್ತೆ, ಬಿಡಿ ಯಜಮಾನ್ರೇ’ ಎನ್ನುವ ಏಜೆಂಟರ ಮಾತನ್ನು ನಾವು ಒಪ್ಪುವುದಿಲ್ಲ. ತಡವಾದರೆ ಹೋಗುವುದು ಅವರ ತಿಂಗಳ ಟಾರ್ಗೆಟ್. ಮುಚ್ಚಿಟ್ಟರೆ ಹೋಗುವುದು ನಮ್ಮ ಮಕ್ಕಳ ಅನ್ನ. ಮಳೆ ಕೈಕೊಟ್ಟ ವರ್ಷ ಕಂತು ಕಟ್ಟಲಾಗದೆ ಪಾಲಿಸಿ ಲ್ಯಾಪ್ಸ್ ಆಗಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದು ಬಡತನದ ಗುರುತೇ ಹೊರತು ರೋಗದ ಗುರುತಲ್ಲ. ಆರೋಗ್ಯದ ಕಾರಣಕ್ಕೆ ಒಂದು ಕಂಪನಿ ಅರ್ಜಿ ತಿರಸ್ಕರಿಸಿದ್ದರೆ ಅದನ್ನಂತೂ ಬರೆಯಲೇಬೇಕು. ಹೆಚ್ಚೆಂದರೆ ವೈದ್ಯಕೀಯ ಪರೀಕ್ಷೆ ಮಾಡಿಸುತ್ತಾರೆ, ಪ್ರೀಮಿಯಂ ಹೆಚ್ಚಿಸುತ್ತಾರೆ, ಇಲ್ಲವೇ ಆಗುವುದಿಲ್ಲ ಎನ್ನುತ್ತಾರೆ. ಬದುಕಿದ್ದಾಗ ‘ಇಲ್ಲ’ ಎನಿಸಿಕೊಳ್ಳುವುದು ಸತ್ತ ಮೇಲೆ ಎನಿಸಿಕೊಳ್ಳುವುದಕ್ಕಿಂತ ವಾಸಿ.

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಕಂಪನಿಗಳ ವಕೀಲರಾಗುತ್ತೇವೆ. ನಮ್ಮ ಜಗಳ ಇರುವುದು ಮುಂದಿನ ಮಾತಿನಲ್ಲಿ.

ಗೊತ್ತಿಲ್ಲದ್ದನ್ನು ಯಾರಾದರೂ ಹೇಗೆ ಹೇಳುತ್ತಾರೆ? ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯನ್ನೇ ನೋಡಿ. ವರ್ಷಕ್ಕೆ 436 ರೂಪಾಯಿ, ಎರಡು ಲಕ್ಷದ ಜೀವವಿಮೆ. ಹಣ ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಮೇ ತಿಂಗಳು ಅಂದರೆ ಬೀಜ, ಗೊಬ್ಬರಕ್ಕೆ ದುಡ್ಡು ಹೊಂದಿಸುವ ಕಾಲ. ಖಾತೆ ಬರಿದಾಗಿದ್ದರೆ ವಿಮೆ ಅಲ್ಲಿಗೇ ನಿಂತಿತು. ಬೆಳೆ ಸಾಲದ ಕಾಗದಗಳ ನಡುವೆ ಬ್ಯಾಂಕಿನವರು ಸಹಿ ಮಾಡಿಸಿಕೊಂಡ ಪಾಲಿಸಿಗಳ ಕಥೆಯೂ ಹೀಗೆಯೇ. ತನಗೆ ಪಾಲಿಸಿ ಇತ್ತು ಎಂಬುದೇ ಗೊತ್ತಿಲ್ಲದವನು ಅದು ರದ್ದಾದದ್ದನ್ನು ಎಲ್ಲಿಂದ ಬರೆಯಬೇಕು?

ಕಂಪನಿಗಳಿಗೆ ಮಾತ್ರ ಈ ಕಷ್ಟವಿಲ್ಲ. ಕಂಪನಿಗಳ ದತ್ತಾಂಶವನ್ನು ಒಂದೆಡೆ ಸೇರಿಸಲೆಂದೇ ವಿಮಾ ಮಾಹಿತಿ ಬ್ಯೂರೋ ಎಂಬ ಸಂಸ್ಥೆ ಇದೆ. ಕ್ಲೇಮ್ ಬಂದ ಮೇಲೆ ಹಳೆಯ ಪಾಲಿಸಿಗಳನ್ನು ಹುಡುಕಲು ಆಗುವುದಾದರೆ, ಮೊದಲ ಕಂತು ಪಡೆಯುವ ಮುಂಚೆ ಯಾಕೆ ಆಗುವುದಿಲ್ಲ? ಕಂತು ತೆಗೆದುಕೊಳ್ಳುವಾಗ ಕಣ್ಣು ಮುಚ್ಚಿ, ಹಣ ಕೊಡುವಾಗ ಕಣ್ಣು ತೆರೆಯುವುದು ಯಾವ ವ್ಯಾಪಾರ?

ಫಾರ್ಮಿನ ಕೊನೆಯಲ್ಲಿ ಇನ್ನೊಂದು ತಮಾಷೆ ಇದೆ. ‘ಎಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬ ಘೋಷಣೆ. ಎಷ್ಟೋ ಸಲ ಆ ಘೋಷಣೆಯೇ ಇಂಗ್ಲಿಷಿನಲ್ಲಿರುತ್ತದೆ. ಅದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ನಾಳೆ ಅದನ್ನೇ ಸಾಕ್ಷಿ ಮಾಡುತ್ತಾರೆ.

ಹಾಗಂತ ಕಾನೂನು ಪೂರ್ತಿ ಕಂಪನಿಯ ಕಡೆಗೂ ಇಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಂ 2015ರ ತಿದ್ದುಪಡಿಯ ನಂತರ ಹೀಗಿದೆ: ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ವಂಚನೆಯಲ್ಲದೆ ಬರೀ ತಪ್ಪು ಮಾಹಿತಿಯ ಕಾರಣ ಕೊಟ್ಟರೆ, ನಿಜ ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ಕಂಪನಿಯೇ ಸಾಬೀತು ಮಾಡಬೇಕು. ಕಟ್ಟಿದ ಪ್ರೀಮಿಯಂ ಅನ್ನು 90 ದಿನದೊಳಗೆ ವಾಪಸು ಕೊಡಬೇಕು. ಪಾಲಿಸಿ ಕುದುರಿಸಿದ ವ್ಯಕ್ತಿಯನ್ನು ಕಂಪನಿಯ ಏಜೆಂಟ್ ಎಂದೇ ಪರಿಗಣಿಸಬೇಕು ಎಂದೂ ಅಲ್ಲಿದೆ. ಆದರೆ ಒಂದು ಎಚ್ಚರಿಕೆ. ಲ್ಯಾಪ್ಸ್ ಆದ ಪಾಲಿಸಿಯನ್ನು ಬಡ್ಡಿ ಕಟ್ಟಿ ಮತ್ತೆ ಜೀವಂತ ಮಾಡಿಸಿದರೆ, ಆ ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಇದನ್ನು ಹಳ್ಳಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ಒತ್ತಾಯ ದೊಡ್ಡದೇನಲ್ಲ. ಕರ್ನಾಟಕದಲ್ಲಿ ಮಾರುವ ಪ್ರತಿ ಪಾಲಿಸಿಯ ಫಾರ್ಮು ಕನ್ನಡದಲ್ಲಿರಲಿ. ಹಳೆಯ ಪಾಲಿಸಿಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಕೊಟ್ಟ ಉತ್ತರವನ್ನು ಓದಿ ಹೇಳಲಿ. ಕಂಪನಿ ತನ್ನ ಬಳಿ ಇರುವ ದಾಖಲೆಯನ್ನು ಮೊದಲೇ ನೋಡಲಿ. ನೋಡದೆ ಕಂತು ಪಡೆದವರು ನಾಳೆ ಹಳೆಯ ಪಾಲಿಸಿಯ ನೆಪ ಹೇಳುವಂತಿರಬಾರದು.

ಅದಾಗುವವರೆಗೆ ಓದುಗರಲ್ಲಿ ನಮ್ಮ ಮನವಿ: ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಯಾವ ವಿಮೆಗೆ ಹಣ ಹೋಗಿದೆ ನೋಡಿ. ನಿಂತುಹೋದ, ಸರೆಂಡರ್ ಮಾಡಿದ, ತಿರಸ್ಕೃತವಾದ ಎಲ್ಲವನ್ನೂ ಬರೆಸಿ. ನೆನಪಿಲ್ಲದಿದ್ದರೆ ‘ಇಲ್ಲ’ ಎನ್ನುವ ಬದಲು ‘ನೆನಪಿಲ್ಲ’ ಎಂದೇ ಬರೆಸಿ. ತುಂಬಿದ ಫಾರ್ಮಿನ ನಕಲು ಕೇಳಿ ಪಡೆದು ಮನೆಯವರ ಕೈಗೆ ಕೊಡಿ. ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನಿಜ ಹೇಳುವ ಹೊಣೆ ನಮ್ಮದು, ಸರಿ. ನಿಜವನ್ನು ನಮ್ಮ ಭಾಷೆಯಲ್ಲಿ ಕೇಳುವ ಹೊಣೆ ಯಾರದು?