ಮಾಕುಟ್ಟ ದಾಟದ ಬಾಟಲಿ

ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕೂರುವ ಸಚಿವರಿಗೆ, ಮೈಸೂರು-ಕೊಡಗು ಸಂಸದರಿಗೆ, ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಶಾಸಕರಿಗೆ ಒಂದು ಬಹಿರಂಗ ಪತ್ರ

ವಿಷಯ: ಮನೆಯಲ್ಲೇ ತಯಾರಿಸಿದ ಆಹಾರ ಪದಾರ್ಥವನ್ನು ಹೊರರಾಜ್ಯದ ಗ್ರಾಹಕರಿಗೆ ಪಾರ್ಸೆಲ್ ಕಳಿಸುವ ಸಣ್ಣ ವ್ಯಾಪಾರಿಗಳನ್ನು ಜಿಎಸ್‌ಟಿಯ ಕಡ್ಡಾಯ ನೋಂದಣಿಯಿಂದ ಬಿಡುವ ಬಗ್ಗೆ

ಮಾನ್ಯರೇ,

ವಿರಾಜಪೇಟೆಗೆ ಹೊಂದಿಕೊಂಡ ಹಳ್ಳಿಯಲ್ಲಿ ನನ್ನದು ಮನೆಯಿಂದಲೇ ನಡೆಯುವ ಸಣ್ಣ ವ್ಯಾಪಾರ. ಕಾಚಂಪುಳಿ ಎಂಬ ಅಡುಗೆ ಹುಳಿ, ಕಾಫಿಪುಡಿ, ಜೇನು, ಕರಿಮೆಣಸು. ರಸ್ತೆ ಬದಿಗೆ ತಗಡಿನ ಮಾಡಿನ ಒಂದು ಅಂಗಡಿ ಇದೆ. ಪ್ರವಾಸಿಗರ ಕಾರು ನಿಂತರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ತಿಂಗಳುಗಟ್ಟಲೆ ಕಾರುಗಳೇ ಬರಲಿಲ್ಲ. 2019ರ ಮಳೆಗಾಲದಲ್ಲಿ ಮತ್ತೆ ಅದೇ ಕತೆ, 2020ರಲ್ಲಿ ಕೊರೊನಾ. ಗಿರಾಕಿ ಊರಿಗೆ ಬರಲಿ ಎಂದು ಕಾಯುತ್ತ ಕೂತರೆ ಬದುಕು ಸಾಗದು ಎನ್ನುವುದು ಇಲ್ಲಿ ಬಹಳ ಮನೆಗಳಿಗೆ ಖಾತ್ರಿಯಾದದ್ದು ಆಗಲೇ. ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಹಾಕಿ ಮಾರುವುದನ್ನು ಕೊಡಗಿನ ಹೆಂಗಸರು ಕಲಿತದ್ದೂ ಆ ವರ್ಷಗಳಲ್ಲೇ.

ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಆನ್‌ಲೈನ್ ಅಂಗಡಿಯನ್ನೇ ತೆರೆಯೋಣ ಎಂದು ಹೊರಟೆ. ಆಹಾರ ಸುರಕ್ಷತೆಯ ನೋಂದಣಿಗೆ ಹೆಚ್ಚು ಕಷ್ಟವಾಗಲಿಲ್ಲ. ನಾನು ಮಾಡಿಸಿದಾಗ ವಹಿವಾಟು 12 ಲಕ್ಷದೊಳಗಿರುವವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಲೇಬಲ್ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ದೂರು ಹೇಳಲು ಫೋನ್ ನಂಬರ್ ಎಲ್ಲ ಹಾಕಿಸಿದೆ. ಊರಿನ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟ. ಹಣ ಪಾವತಿಯ ವ್ಯವಸ್ಥೆ ಕೊಡುವವರು ವಾಪಸಾತಿ ನಿಯಮ, ಗೋಪ್ಯತಾ ನಿಯಮ ಎಂದು ಪುಟಗಟ್ಟಲೆ ಬರೆಸಿಕೊಂಡರು, ಅದೂ ಆಯಿತು. ಕೊನೆಗೆ ಯಾವ ಯಾವ ರಾಜ್ಯಕ್ಕೆ ಕಳಿಸುತ್ತೀರಿ ಎಂದು ಗುರುತು ಹಾಕುವ ಪಟ್ಟಿ ಬಂತು. ಕರ್ನಾಟಕ, ಕೇರಳ, ತಮಿಳುನಾಡು, ಮಹಾರಾಷ್ಟ್ರ ಎಂದು ಗುರುತು ಹಾಕಿದ್ದೆ. ಲೆಕ್ಕಪತ್ರ ನೋಡುವ ಪರಿಚಿತರು ಕರ್ನಾಟಕವೊಂದನ್ನು ಉಳಿಸಿ ಬೇರೆಲ್ಲ ತೆಗೆಸಿದರು.

ಕಾರಣ ತಮಗೆ ಗೊತ್ತಿರುವುದೇ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ಆ ಸರಕು ರಾಜ್ಯದ ಗಡಿ ದಾಟಿದರೆ ಈ ಮಿತಿ ಲೆಕ್ಕಕ್ಕಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮೊದಲ ಬಾಟಲಿಯಿಂದಲೇ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದೆ ಕಳಿಸಿದರೆ 122ನೇ ಸೆಕ್ಷನ್‌ನಲ್ಲಿ ದಂಡ 10,000 ರೂಪಾಯಿ, ಅಥವಾ ತಪ್ಪಿಸಿದ ತೆರಿಗೆಯ ಮೊತ್ತ, ಯಾವುದು ಹೆಚ್ಚೋ ಅದು.

ಇದನ್ನು ಬೆಂಗಳೂರಲ್ಲಿ ಕೂತು ಓದಿದರೆ ದೊಡ್ಡ ವಿಷಯ ಅನ್ನಿಸದಿರಬಹುದು. ಕೊಡಗಿನಲ್ಲಿ ನಿಂತು ಓದಿ. ಕಣ್ಣೂರು, ವಯನಾಡು, ಕಾಸರಗೋಡು, ಮೂರು ಜಿಲ್ಲೆ ನಮಗೆ ಅಂಟಿಕೊಂಡಿವೆ. ಕರಿಕೆಯವರು ಸಂತೆ ಸಾಮಾನಿಗೆ ಪಾಣತ್ತೂರಿಗೆ ಇಳಿಯುತ್ತಾರೆ. ಕುಟ್ಟದ ಪೇಟೆ ದಾಟಿದರೆ ತೋಲ್ಪೆಟ್ಟಿ. ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಆಮೇಲೆ ಕಣ್ಣೂರು. ಕಣ್ಣೂರಿನ ಸಂಸಾರವೊಂದು ಭಾನುವಾರ ಕಾರಿನಲ್ಲಿ ಬಂದು ನನ್ನ ಅಂಗಡಿಯಿಂದ ಹತ್ತು ಬಾಟಲಿ ಕಾಚಂಪುಳಿ ಡಿಕ್ಕಿಗೆ ಹಾಕಿಕೊಂಡು ಹೋದರೆ ಅದು ರಾಜ್ಯದೊಳಗಿನ ವ್ಯಾಪಾರ, ಯಾರ ತಕರಾರೂ ಇಲ್ಲ. ಅದೇ ಮನೆಯವರು ಮುಂದಿನ ತಿಂಗಳು ಫೋನ್ ಮಾಡಿ, ಇನ್ನೊಂದು ಬಾಟಲಿ ಪಾರ್ಸೆಲ್ ಕಳಿಸಿ ಎಂದರೆ ನಾನು ಕಾನೂನು ಮುರಿದ ಹಾಗೆ. ರಾಜ್ಯದ ಇನ್ನೊಂದು ತುದಿಯ ಬೀದರ್‌ಗೆ ಕಳಿಸಬಹುದು, ಬೆಟ್ಟದ ಕೆಳಗಿನ ಇರಿಟ್ಟಿಗೆ ಕೂಡದು. 1956ರ ನವೆಂಬರ್ 1ರವರೆಗೆ ಕೊಡಗೇ ಒಂದು ರಾಜ್ಯವಾಗಿತ್ತು. ಈ ಕಾನೂನು ಆಗ ಇದ್ದಿದ್ದರೆ ಕುಶಾಲನಗರದವರು ಸೇತುವೆ ದಾಟಿ ಕೊಪ್ಪಕ್ಕೆ ಒಂದು ಸೀಸೆ ಜೇನು ಕಳಿಸಲೂ ನೋಂದಣಿ ಬೇಕಾಗುತ್ತಿತ್ತು!

ಕಾಚಂಪುಳಿ ಹೇಗಾಗುತ್ತದೆ ಎಂದು ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ವಾದದ ಮುಖ್ಯ ಭಾಗ ಅಲ್ಲೇ ಇದೆ. ಮಳೆಗಾಲದಲ್ಲಿ ಮರದಿಂದ ಉದುರಿದ ಪಣಪುಳಿ ಹಣ್ಣನ್ನು ಆರಿಸಿ ತಂದು ಬಿದಿರಿನ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಪಾತ್ರೆಯ ಮೇಲೆ ಇಡುತ್ತೇವೆ. ಹಣ್ಣು ಮೆತ್ತಗಾಗಿ ಕೊಳೆತ ಹಾಗೆ ರಸ ಹನಿ ಹನಿಯಾಗಿ ಕೆಳಗಿಳಿಯುತ್ತದೆ. ಅದನ್ನು ಸೋಸಿ, ಸೌದೆ ಒಲೆಯ ಮೇಲೆ ಕಪ್ಪಗೆ ಮಂದವಾಗುವವರೆಗೆ ಕುದಿಸಬೇಕು. ಬಿಂದಿಗೆ ರಸ ಕುದಿಸಿದರೂ ಕೊನೆಗೆ ಸಿಗುವುದು ಕೆಲವೇ ಬಾಟಲಿ. ತಗಡಿನ ಮುಚ್ಚಳ ಹಾಕಿದರೆ ಹುಳಿಗೆ ತುಕ್ಕು ಹಿಡಿದು ಹಾಳಾಗುತ್ತದೆ, ಅದಕ್ಕೇ ಪ್ಲಾಸ್ಟಿಕ್ ಮುಚ್ಚಳ. ಹಂದಿ ಮಾಂಸದ ಪಂದಿ ಕರಿಗೆ ಒಂದು ಚಮಚ ಸಾಕು. ಇದೇ ಹಣ್ಣಿನ ಸಿಪ್ಪೆ ಒಣಗಿಸಿ ಮೀನು ಸಾರಿಗೆ ಹಾಕುವ ಮಲಯಾಳಿಗಳಿಗೆ ಇದರ ರುಚಿ ವಿವರಿಸಿ ಹೇಳಬೇಕಾಗಿಲ್ಲ. ನನ್ನ ಸಹಜ ಗಿರಾಕಿಗಳು ಅವರೇ.

ಈಗ ಕಾನೂನಿನ ವಿಚಿತ್ರ ನೋಡಿ. ಕೈಯಿಂದ ಹೆಣೆದ ಬುಟ್ಟಿ ಕರಕುಶಲ ವಸ್ತು. ಕರಕುಶಲ ವಸ್ತುಗಳನ್ನು 20 ಲಕ್ಷ ವಹಿವಾಟಿನವರೆಗೆ ನೋಂದಣಿ ಇಲ್ಲದೆ ಹೊರರಾಜ್ಯಕ್ಕೆ ಕಳಿಸಲು 2017ರ ಸೆಪ್ಟೆಂಬರ್‌ನಲ್ಲೇ ವಿನಾಯಿತಿ ಸಿಕ್ಕಿತು. ಅಂದರೆ ಹಣ್ಣು ತುಂಬಿಟ್ಟ ಬುಟ್ಟಿ ಕೇರಳಕ್ಕೆ ಹೋಗಬಹುದು, ಬುಟ್ಟಿಯಿಂದ ಇಳಿದ ರಸ ಹೋಗಬಾರದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೇವೆಗಳಿಗೂ 20 ಲಕ್ಷದವರೆಗೆ ಇಂಥದೇ ವಿನಾಯಿತಿ ಬಂತು. ನನಗೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಕೊಚ್ಚಿಯ ಹೋಟೆಲೊಂದಕ್ಕೂ ವೆಬ್‌ಸೈಟ್ ಮಾಡಿಕೊಟ್ಟು ಬಿಲ್ ಕಳಿಸಬಹುದು, ಅವನಿಗೆ ನೋಂದಣಿ ಬೇಡ. ಅವನು ಕಟ್ಟಿದ ಅಂಗಡಿಯಿಂದ ಕೊಚ್ಚಿಗೆ ಒಂದು ಬಾಟಲಿ ಕಳಿಸಲು ನನಗೆ ಬೇಕು. ತಾನು ಬೆಳೆದದ್ದನ್ನು ಬೆಳೆದ ಹಾಗೇ ಮಾರುವ ಕೃಷಿಕನಿಗೆ 23ನೇ ಸೆಕ್ಷನ್ ರಕ್ಷಣೆ ಇದೆ. ಅದೇ ಕಾಫಿಯನ್ನು ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿದರೆ ಆ ರಕ್ಷಣೆ ಹೋಯಿತು. ಬೆಳೆಗಾರರು ಬರೀ ಬೀಜ ಮಾರಿ ಕೂರಬೇಡಿ, ಮೌಲ್ಯವರ್ಧನೆ ಮಾಡಿ ಎಂದು ಪ್ರತಿ ಕಾಫಿ ಸಭೆಯಲ್ಲೂ ಭಾಷಣ ಕೇಳುತ್ತೇವೆ. ಆ ಭಾಷಣ ಮಾಡುವವರು ಒಮ್ಮೆ ಈ ಸೆಕ್ಷನ್ನನ್ನೂ ಓದಲಿ.

ನೋಂದಣಿ ಮಾಡಿಸಿಕೊಂಡರೆ ಆಯಿತಲ್ಲ, ಶುಲ್ಕವೂ ಇಲ್ಲ ಎಂದು ತಾವು ಕೇಳಬಹುದು. 2025ರ ನವೆಂಬರ್‌ನಿಂದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ವ್ಯವಸ್ಥೆಯೂ ಬಂದಿದೆ, ಒಳ್ಳೆಯದೇ. ಆದರೆ ಕಷ್ಟ ಶುರುವಾಗುವುದು ನಂಬರ್ ಸಿಕ್ಕ ಮೇಲೆ. ಹೊರರಾಜ್ಯದ ಒಂದು ಬಾಟಲಿಗಾಗಿ ನೋಂದಾಯಿಸಿಕೊಂಡರೆ ರಸ್ತೆ ಬದಿಯ ಅಂಗಡಿಯ ವ್ಯಾಪಾರಕ್ಕೂ ತೆರಿಗೆ ಹಚ್ಚಬೇಕು. ಸಣ್ಣವರಿಗೆಂದೇ ಇರುವ ಕಾಂಪೊಸಿಷನ್ ಪದ್ಧತಿಗೆ ಸೇರೋಣ ಎಂದರೆ, ಅದರಲ್ಲಿ ಹೊರರಾಜ್ಯಕ್ಕೆ ಮಾರುವ ಹಾಗೇ ಇಲ್ಲ. ಮೂರು ತಿಂಗಳಿಗೊಮ್ಮೆಯಾದರೂ ರಿಟರ್ನ್ ಹಾಕಬೇಕು, ವ್ಯಾಪಾರ ಸೊನ್ನೆಯಾದರೂ ಹಾಕಬೇಕು, ತಡವಾದರೆ ಸೊನ್ನೆ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕ ರಿಟರ್ನ್‌ಗೆ ಕರ್ನಾಟಕದಲ್ಲಿ ಕೊನೆಯ ದಿನ ಜುಲೈ 22. ಅದು ಮಳೆ ಜೋರಾಗಿರುವ ಕಕ್ಕಡ ತಿಂಗಳು. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಒಟಿಪಿ ಎಲ್ಲಿಂದ ಬರಬೇಕು? ಹಾಗಾಗಿ ಪೇಟೆಯಲ್ಲಿ ಒಬ್ಬರಿಗೆ ದುಡ್ಡು ಕೊಟ್ಟೇ ಮಾಡಿಸಬೇಕು. ಬೆರಳೆಣಿಕೆಯ ಪಾರ್ಸೆಲ್‌ಗಳ ಲಾಭ ಆ ಫೀಸಿಗೇ ಸರಿ.

ನೋಂದಣಿಗೆ ಕೊಡಬೇಕಾದ ಜಾಗದ ದಾಖಲೆಯದ್ದು ಇನ್ನೊಂದು ಪುರಾಣ. ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗಗಳ ಆರ್‌ಟಿಸಿಯಲ್ಲಿ ತೀರಿಹೋದ ಪಟ್ಟೇದಾರರ ಹೆಸರುಗಳು ಇನ್ನೂ ಕೂತಿವೆ, ಎಷ್ಟೋ ಮನೆಗಳ ಕರೆಂಟ್ ಬಿಲ್ ಅಜ್ಜನ ಹೆಸರಿನಲ್ಲಿ ಬರುತ್ತದೆ. ವ್ಯಾಪಾರದ ಸ್ಥಳಕ್ಕೆ ಪುರಾವೆ ಕೊಡಿ, ಮಾಲೀಕರ ಒಪ್ಪಿಗೆ ಪತ್ರ ಕೊಡಿ ಎಂದರೆ ಸೊಸೆಯಾಗಿ ಬಂದ ಹೆಂಗಸು ಯಾರ ಸಹಿ ತರಬೇಕು? ಇದು ಈ ಪತ್ರದಲ್ಲಿ ಮುಗಿಯುವ ವಿಷಯವಲ್ಲ, ಕೊಡಗಿನ ಶಾಸಕರಿಗೆ ಹೇಳಿಕೊಡಬೇಕಾದ್ದೂ ಅಲ್ಲ.

ದೊಡ್ಡ ಮಾರಾಟ ತಾಣವೊಂದಕ್ಕೂ ಅರ್ಜಿ ಹಾಕಿ ನೋಡಿದೆ. ಮೊದಲ ಪುಟದಲ್ಲೇ ಜಿಎಸ್‌ಟಿ ನಂಬರ್ ಕೇಳಿತು, ಅದು ತುಂಬದೆ ಮುಂದಿನ ಪುಟ ತೆರೆಯಲಿಲ್ಲ. ನೋಂದಣಿ ಇಲ್ಲದ ಸಣ್ಣವರೂ ರಾಜ್ಯದೊಳಗೆ ಇಂಥ ತಾಣಗಳ ಮೂಲಕ ಮಾರಬಹುದು, ಪ್ಯಾನ್ ಆಧಾರದ ಮೇಲೆ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು ಎಂದು 2023ರ ಅಕ್ಟೋಬರ್ 1ರಿಂದ ನಿಯಮ ಸಡಿಲವಾಗಿದೆ. ಅದನ್ನು ಸಹಾಯವಾಣಿಯಲ್ಲಿ ಹೇಳಿದೆ. ಆ ಕಡೆಯ ಹುಡುಗ ಹಿಂದಿಯಲ್ಲಿ ಕ್ಷಮೆ ಕೇಳಿದ, ಕನ್ನಡ ಬರುವವರಿಗೆ ಕರೆ ವರ್ಗಾಯಿಸುತ್ತೇನೆ ಎಂದ, ಕರೆ ಕಟ್ಟಾಯಿತು.

ಪಾರ್ಸೆಲ್ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ರೈಲು ಹಳಿಯೇ ಇಲ್ಲದ ಜಿಲ್ಲೆ ಇದು. ಕೊರಿಯರ್‌ನವರು ನಮ್ಮ ಹಳ್ಳಿಗಳ ಪಿನ್‌ಕೋಡ್ ಹಾಕಿದರೆ ಒಮ್ಮೆ ಸೇವೆ ಇದೆ ಎನ್ನುತ್ತಾರೆ, ಒಮ್ಮೆ ಇಲ್ಲ. ಇದ್ದರೂ ಮನೆಗೆ ಬಂದು ಒಯ್ಯುವುದಿಲ್ಲ, ನಾವೇ ಪೇಟೆಗೆ ಹೊರಬೇಕು. ದರ ಹಾಕುವುದು ತೂಕ, ಪೆಟ್ಟಿಗೆಯ ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ; ಗಾತ್ರದ ಲೆಕ್ಕಕ್ಕೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಗಾಜಿನ ಬಾಟಲಿ ಒಡೆಯದಿರಲಿ ಎಂದು 20, 15, 15ರ ಪೆಟ್ಟಿಗೆಯಲ್ಲಿ ಕಾಗದ ತುರುಕಿ ಕಳಿಸಿದರೆ ಅರ್ಧ ಕಿಲೋದ ಸಾಮಾನು 900 ಗ್ರಾಂ ಆಗಿ, ಒಂದು ಕಿಲೋದ ದರ ಬೀಳುತ್ತದೆ. ಸದ್ಯ ನಮ್ಮನ್ನು ಕಾಪಾಡುತ್ತಿರುವುದು ಹಳ್ಳಿಯ ಶಾಖಾ ಅಂಚೆ ಕಚೇರಿಗಳೇ. ಸಂಸದರು ಅವುಗಳಿಗೆ ಒಂದೊಂದು ಒಳ್ಳೆಯ ತೂಕದ ಯಂತ್ರ, ಕರೆಂಟ್ ಹೋದಾಗಲೂ ಬುಕಿಂಗ್ ನಿಲ್ಲದಂತೆ ಒಂದೊಂದು ಬ್ಯಾಟರಿ ಕೊಡಿಸಿದರೂ ದೊಡ್ಡ ಉಪಕಾರ.

ಗಡಿಯ ವಿಷಯಕ್ಕೇ ಮರಳುತ್ತೇನೆ. ಈ ನಿಯಮದಿಂದ ಸರ್ಕಾರಕ್ಕೆ ತೆರಿಗೆ ಬರುತ್ತಿದೆಯೇ? ನಮ್ಮಂಥವರಿಂದ ಬರುತ್ತಿಲ್ಲ. ಕೆಲವರು ಹೊರರಾಜ್ಯದ ಆರ್ಡರ್ ಬಿಟ್ಟುಬಿಡುತ್ತಾರೆ. ಉಳಿದವರು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಂಡು, ಉಡುಗೊರೆ ಎಂದು ಬರೆದು ಕಳಿಸುತ್ತಾರೆ. ಎಲ್ಲರಿಗೂ ಗೊತ್ತಿರುವ ಗುಟ್ಟು ಇದು. ಹೆದರಿಕೆ ಮಾತ್ರ ಇದ್ದೇ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬರೆದು ಹಾಕಿದರು, ಮುಖ್ಯಮಂತ್ರಿಗಳೇ ಸಭೆ ಕರೆದರು. ನಮ್ಮ ವಿಷಯದಲ್ಲಿ ಯಾರೂ ಬಂದ್ ಕರೆಯುವುದಿಲ್ಲ. ನಾವು ಅಷ್ಟು ಮಂದಿ ಇಲ್ಲ, ಇರುವವರೂ ಒಂದೇ ಬೀದಿಯಲ್ಲಿಲ್ಲ.

ಇದರ ಲಾಭ ಯಾರಿಗೆ ಎಂದರೆ, ನೋಂದಣಿ ಇರುವ ದೊಡ್ಡವರಿಗೆ. ಕೂರ್ಗ್ ಹೆಸರಿನ ಜೇನು, ಮೆಣಸು, ಕಾಫಿ ದೇಶದ ಯಾವ ಮೂಲೆಯಿಂದ ಹುಡುಕಿದರೂ ಫೋನಿನಲ್ಲಿ ಸಿಗುತ್ತದೆ. ಅದನ್ನು ಎಲ್ಲಿ ತುಂಬಿದರು ಎಂದು ಲೇಬಲ್‌ನ ಸಣ್ಣಕ್ಷರದಲ್ಲಿ ಓದಬೇಕು. ಗೋಣಿಕೊಪ್ಪದಲ್ಲಿ ವಿಯೆಟ್ನಾಂ ಮೆಣಸನ್ನು ನಮ್ಮ ಮೆಣಸಿಗೆ ಬೆರೆಸಿದ ಗಲಾಟೆ ನಡೆದದ್ದು 2017ರಲ್ಲಿ, ಇಲ್ಲಿ ಯಾರೂ ಅದನ್ನು ಮರೆತಿಲ್ಲ. ಕೊಡಗಿನ ಕಿತ್ತಳೆಗೆ, ಏಲಕ್ಕಿಗೆ, 2019ರಲ್ಲಿ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಆ ಗುರುತಿನ ಊರಿನವರೇ ತಮ್ಮ ಸರಕನ್ನು ಚೆನ್ನೈಗೆ ಕಳಿಸಲಾಗದಿದ್ದರೆ ಅದು ಯಾರಿಗಾಗಿ?

ಅಧಿಕಾರಿಗಳು ಹೇಳುವ ಆಕ್ಷೇಪ ನನಗೆ ಗೊತ್ತಿದೆ. ಗಡಿ ಬಿಟ್ಟುಕೊಟ್ಟರೆ ನಕಲಿ ಬಿಲ್ ಮಾಡುವವರು ಅದೇ ದಾರಿಯಲ್ಲಿ ನುಗ್ಗುತ್ತಾರೆ, ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯದಲ್ಲಿ, ಮೋಸ ಹೆಚ್ಚುತ್ತದೆ ಎಂದು. ಅದರಲ್ಲಿ ನಿಜವಿದೆ. ಅದಕ್ಕೇ ನಾವು ಕೇಳುವುದು ಕಡಿಮೆ. ಬಳಸುವ ಗ್ರಾಹಕರಿಗೆ ನೇರವಾಗಿ ಮಾರುವುದಕ್ಕೆ ಮಾತ್ರ ವಿನಾಯಿತಿ ಇರಲಿ. ಅವರು ಯಾರೂ ಕ್ರೆಡಿಟ್ ಪಡೆಯುವವರಲ್ಲ, ನಕಲಿ ಬಿಲ್‌ಗೆ ಅಲ್ಲಿ ಕೆಲಸವಿಲ್ಲ. ಆಹಾರ ಸುರಕ್ಷತೆಯ ನೋಂದಣಿ ಇದ್ದವರಿಗೆ ಮಾತ್ರ ಕೊಡಿ. ಮಿತಿ 40 ಲಕ್ಷ ಬೇಡ, ಬುಟ್ಟಿಗೆ ಕೊಟ್ಟ 20 ಲಕ್ಷವೇ ಸಾಕು. ರಾಜ್ಯದೊಳಗಿನ ಮಾರಾಟಕ್ಕೆ ಈಗಾಗಲೇ ಇರುವ ಆ ದಾಖಲಾತಿ ಸಂಖ್ಯೆಯನ್ನೇ ಹೊರರಾಜ್ಯಕ್ಕೂ ವಿಸ್ತರಿಸಿ, ಸ್ವಂತ ವೆಬ್‌ಸೈಟ್ ಇರುವವರನ್ನೂ ಸೇರಿಸಿ. ಯಾರು ಎಷ್ಟು ಕಳಿಸಿದರು ಎನ್ನುವುದು ಪ್ಯಾನ್‌ನಲ್ಲಿ, ಬ್ಯಾಂಕಿನಲ್ಲಿ, ಅಂಚೆ ರಸೀದಿಯಲ್ಲಿ ಹೇಗೂ ದಾಖಲಾಗಿರುತ್ತದೆ.

ಹಲವು ರಾಜ್ಯಗಳಿಗೆ ಆನ್‌ಲೈನ್‌ನಲ್ಲಿ ಮಾರುವ ಸಣ್ಣವರಿಗೆ ನೋಂದಣಿ ಸರಳಗೊಳಿಸಲು 2025ರ ಸೆಪ್ಟೆಂಬರ್ ಸಭೆಯಲ್ಲಿ ಮಂಡಳಿ ತಾತ್ವಿಕವಾಗಿ ಒಪ್ಪಿದೆ. ಅದು ನೋಂದಣಿಯನ್ನು ಹಗುರ ಮಾಡುವ ಮಾತು, ಮಿತಿಯನ್ನು ಮುಟ್ಟುವುದಿಲ್ಲ. ಮಿತಿಯ ವಿಷಯವನ್ನು ಕರ್ನಾಟಕದ ಪರವಾಗಿ ತಾವು ಮುಂದಿನ ಸಭೆಗೆ ಒಯ್ಯುತ್ತೀರಾ, ಇಲ್ಲವೇ? ಒಯ್ಯುವುದಾದರೆ ಕೇರಳದವರನ್ನೂ ಜೊತೆಗೆ ಕರೆದುಕೊಳ್ಳಿ, ವಯನಾಡಿನ ಹೆಂಗಸರಿಗೂ ಮೈಸೂರಿಗೆ ಮೆಣಸು ಕಳಿಸಲು ಇದೇ ಅಡ್ಡಿ. ಇಲ್ಲವಾದರೆ ಯಾಕಿಲ್ಲ ಎನ್ನುವುದನ್ನಾದರೂ ತಿಳಿಸಿ. ಉತ್ತರ ಕನ್ನಡದಲ್ಲಿರಲಿ, ಅಧಿಸೂಚನೆ ಏನಾದರೂ ಬಂದಿದ್ದರೆ ಅದರ ಸಂಖ್ಯೆ, ದಿನಾಂಕವನ್ನೂ ಬರೆಯಿರಿ. ಅದನ್ನು ಅಂಗಡಿಯಲ್ಲಿ ಅಂಟಿಸುತ್ತೇನೆ, ಕೇಳಿಕೊಂಡು ಬರುವವರು ಬಹಳ ಮಂದಿ ಇದ್ದಾರೆ.

ಇತಿ ತಮ್ಮ ವಿಶ್ವಾಸಿ,
ವಿರಾಜಪೇಟೆ ತಾಲ್ಲೂಕಿನ ಒಬ್ಬ ಸಣ್ಣ ವ್ಯಾಪಾರಿ