ಸೋತ ಪಕ್ಷಕ್ಕೆ ಜೈಕಾರ ಸಾಕು, ಪ್ರಶ್ನೆ ಬೇಕು

ಮೊನ್ನೆ ನಮ್ಮೂರ ಟೀ ಅಂಗಡೀಲಿ ಒಬ್ಬ ಹುಡುಗ ಕೇಳಿದ: ‘ಅಣ್ಣ, ನಮ್ ದಳ ಯಾಕ್ ಹಿಂಗಾಯ್ತು?’ ಪಕ್ಕದಲ್ಲಿದ್ದ ಹಳೇ ಕಾರ್ಯಕರ್ತರು ಗದರಿದರು: ‘ನೀನ್ಯಾವಾಗ್ಲಾ ಕಾಂಗ್ರೆಸ್ ಸೇರ್ಕಂಡೆ?’ ಹುಡುಗ ಸುಮ್ಮನಾದ. ಪಕ್ಷ ಸೊರಗೋದು ಇಂಥ ಕಡೆಯೇ ಅನ್ನೋದು ನನ್ನ ಅನಿಸಿಕೆ.

ಲೆಕ್ಕ ನೋಡಿ. 1994ರಲ್ಲಿ ಜನತಾ ದಳ 115 ಸ್ಥಾನ ಗೆದ್ದು ಸರ್ಕಾರ ಮಾಡಿತ್ತು. ಪಕ್ಷ ಒಡೆದ ಮೇಲೆ 1999ರಲ್ಲಿ ಜೆಡಿಎಸ್‌ಗೆ ಸಿಕ್ಕಿದ್ದು ಬರೀ 10. ಅದೇ ಪಕ್ಷ 2004ರಲ್ಲಿ 58ಕ್ಕೆ ಏರಿತು. 2018ರಲ್ಲಿ 37, 2023ರಲ್ಲಿ 19. ಅಂದರೆ ನೆಲಕಚ್ಚಿದ ಮೇಲೂ ಐದೇ ವರ್ಷದಲ್ಲಿ ಎದ್ದು ನಿಂತ ಪಕ್ಷ ಇದು. ಮತ್ತೆ ಏಳೋದಕ್ಕೆ ಅಡ್ಡಿ ಏನು?

ಒಂದು ಅಡ್ಡಿ ನಾವೇ, ಬೆಂಬಲಿಗರು. ನಿಖಿಲ್ ಕುಮಾರಸ್ವಾಮಿ ಅವರು 2019ರಲ್ಲಿ ಮಂಡ್ಯದಲ್ಲಿ, 2023ರಲ್ಲಿ ರಾಮನಗರದಲ್ಲಿ, 2024ರಲ್ಲಿ ಚನ್ನಪಟ್ಟಣದಲ್ಲಿ ಸೋತರು. ಅವರನ್ನು ಹಂಗಿಸೋಕೆ ಈ ಮಾತಲ್ಲ. ಸೋತಾಗೆಲ್ಲ ‘ಒಳೇಟು’ ಅಂತ ಒಂದೇ ಮಾತಲ್ಲಿ ಮುಗಿಸಿದರೆ, ಟಿಕೆಟ್ ಯಾರಿಗೆ ಕೊಡಬೇಕಿತ್ತು, ಊರಲ್ಲಿ ದುಡಿದವರು ಯಾರಿದ್ದಾರೆ ಅನ್ನೋ ಚರ್ಚೆಯೇ ಹುಟ್ಟಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಜೊತೆ ಮೈತ್ರಿ ಆಯ್ತು. ಸರಿಯೋ ತಪ್ಪೋ, ನಿಮ್ಮೂರ ಕಾರ್ಯಕರ್ತರನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ರಾ? ಕೇಳದಿದ್ದಾಗ ನೀವಾದರೂ ಬಾಯಿ ಬಿಟ್ಟಿರಾ?

ಹಾಗಾದರೆ ಬೆಂಬಲಿಗ ಮಾಡಬಹುದಾದ್ದು ಏನು? ಒಂದು ಉದಾಹರಣೆ ಕೊಡ್ತೀನಿ. 2016ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಗೆದ್ದವರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಬಿಜೆಪಿ ಸರ್ಕಾರ ಚುನಾವಣೆ ನಡೆಸಲಿಲ್ಲ. ಕಾಂಗ್ರೆಸ್ ಸರ್ಕಾರ ಬಂದ ಮೇಲೂ ವರ್ಷಗಟ್ಟಲೆ ಎಳೆಯಿತು. ಕೆಳಗಿನಿಂದ ಬೆಳೆಯುವ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಮೊದಲ ಮೆಟ್ಟಿಲು ಅದೇ. ಅಧಿಕಾರ ಇಲ್ಲದ ಪಕ್ಷಕ್ಕಂತೂ ಹೊಸ ಮುಖ ಸಿಗೋದು ಅಲ್ಲೇ. ಸ್ಟೇಟಸ್‌ಗೆ ನಾಯಕರ ಫೋಟೊ ಹಾಕುವಷ್ಟೇ ಹುರುಪಿನಿಂದ ‘ಚುನಾವಣೆ ಯಾವಾಗ?’ ಅಂತ ತಾಲ್ಲೂಕು ಕಚೇರಿ ಮುಂದೆ ಕೂತಿದ್ದರೆ ಪಕ್ಷಕ್ಕೂ ಜೀವ ಬರ್ತಿತ್ತು, ಊರಿಗೂ ಒಳ್ಳೇದಾಗ್ತಿತ್ತು.

1962ರಲ್ಲಿ ಹೊಳೆನರಸೀಪುರದ ಜನ ಮೂವತ್ತೂ ತುಂಬದ ಒಬ್ಬ ಪಕ್ಷೇತರನನ್ನು ವಿಧಾನಸಭೆಗೆ ಕಳಿಸಿದರು. ಅವರೇ ಎಚ್.ಡಿ. ದೇವೇಗೌಡರು. ಪಕ್ಷದ ಚಿಹ್ನೆ ಇಲ್ಲದವನ ಮಾತನ್ನೂ ಅಂದಿನ ಜನ ಕೇಳಿದ್ದರು.

ಈ ಮಾತು ದಳಕ್ಕಷ್ಟೇ ಅಲ್ಲ. ಇವತ್ತು ಸೋತಿರುವ ಬಿಜೆಪಿಯವರಿಗೂ, ನಾಳೆ ಸೋತರೆ ಕಾಂಗ್ರೆಸ್‌ನವರಿಗೂ ಇದೇ ಮಾತು. ನಿಮ್ಮೂರ ಟೀ ಅಂಗಡೀಲೂ ಅಂಥ ಹುಡುಗ ಇದ್ದಾನೆ. ಮುಂದಿನ ಸಲ ಅವನು ಪ್ರಶ್ನೆ ಕೇಳಿದಾಗ ಗದರಬೇಡಿ. ಒಂದು ಟೀ ಹೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.